ಚಿತ್ರಕ್ಕೆ ಅಡ್ಡ ಬಂದವಳು

ಅಲಾಸ್ಕಾದ ಉತ್ತರದಂಚಿನಲ್ಲಿ ಕಡಲು ದಂಡೆಯನ್ನು ಕೊರೆಯುತ್ತ ಕುನ್ನಾನಾಳ ನೆಲಮಾಳಿಗೆಯ ಬಾಯಿಗೇ ಬಂದಿತ್ತು. ಹೆಪ್ಪುಗಟ್ಟಿದ ನೆಲದಲ್ಲಿ ಮಾಂಸ ಕೆಡದಂತೆ ಇಡಲು ಅವಳ ಅಜ್ಜ ತೋಡಿದ ನೆಲಮಾಳಿಗೆ ಅದು. ಹಬ್ಬಕ್ಕೆ ಊರಿಗೆಲ್ಲ ಹಂಚಬೇಕಾದ ತಿಮಿಂಗಿಲದ ಮಾಂಸ ಅದರೊಳಗಿತ್ತು. ನೆಲಮಾಳಿಗೆ ಕೊಳಕಾಗಿಟ್ಟವರ ಕೈಗೆ ತಿಮಿಂಗಿಲ ಸಿಗುವುದಿಲ್ಲವೆಂಬ ನಂಬಿಕೆಯಿಂದ ವಸಂತದಲ್ಲಿ ಅವಳೇ ಅದನ್ನು ಕೆರೆದು ತೊಳೆದು, ಹೊಸ ಹಿಮ ಹಾಸಿದ್ದಳು. ಈಗ ಅಲ್ಲಿ ನೀರು ನಿಂತಿತ್ತು.

ಅವಳೂ ತಂಗಿಯೂ ಮಾಂಸವನ್ನು ಹಗ್ಗ ಕಟ್ಟಿ ಮೇಲೆಳೆಯುತ್ತಿದ್ದಾಗ ತಲೆಯ ಮೇಲೆ ಡ್ರೋನ್ ಗುಂಯ್‌ಗುಟ್ಟಿತು.

"ಅಮ್ಮಾ, ಸ್ವಲ್ಪ ಆಚೆ ಹೋಗ್ತೀರಾ? ದಂಡೆ ಎಷ್ಟು ಕುಸಿದಿದೆ ಅಂತ ಅಳೀಬೇಕು. ಚಿತ್ರಕ್ಕೆ ಅಡ್ಡ ಬರ್ತಿದೀರಿ," ಎಂದ ಅಳತೆಗೆ ಬಂದಿದ್ದ ಟೋಬಿಯಾಸ್.

"ನಾನು ಅಡ್ಡಾನಾ? ಪ್ರತಿ ಬೇಸಿಗೆ ಬರ್ತೀಯ, ಚೆಂದದ ಪಟ ತೆಗೀತೀಯ, ಹೋಗ್ತೀಯ. ಕಡಲಿಗೆ ಕಟ್ಟಬೇಕಾದ ತಡೆಗೋಡೆಗೆ ಒಂದು ಕಲ್ಲಾದ್ರೂ ಬಂತೇನೋ? ನಾನು ಕದಲಲ್ಲ. ನನ್ನನ್ನೂ ಸೇರಿಸ್ಕೊಂಡೇ ಅಳಿ!"

"ಅಕ್ಕಾ, ಕೂದಲಾದ್ರೂ ಸರಿಮಾಡ್ಕೋ," ಎಂದಳು ತಂಗಿ. ಕುನ್ನಾನಾ ನಗಲಿಲ್ಲ.

ಟೋಬಿಯಾಸ್ ಅವಳನ್ನೂ ಮಾಂಸವನ್ನೂ ಸೇರಿಸಿಯೇ ಚಿತ್ರ ತೆಗೆದ. ಆಮೇಲೆ ಡ್ರೋನ್ ಇಳಿಸಿ, ಬಂದು ಹಗ್ಗಕ್ಕೆ ಕೈಹಾಕಿದ.

ಮಾಂಸವೆಲ್ಲ ಮೇಲೆ ಬಂದ ಮೇಲೆ ಕುನ್ನಾನಾ ತಿಮಿಂಗಿಲದ ಕೊಬ್ಬು ಸಮೇತದ ತೊಗಲಿನಲ್ಲಿ ಒಳ್ಳೆಯ ತುಂಡೊಂದನ್ನು ಕೊಯ್ದು ಅವನತ್ತ ಚಾಚಿದಳು.

"ತಿನ್ನು. ಸಿಟ್ಟೇನೂ ಇಳಿದಿಲ್ಲ ನಂಗೆ."