ಗ್ಲಾಸಿನ ಮರೆಯ ಗೊಂಬೆ

ಮದುವೆಯ ದಿನವೇ ರಾಮವ್ವ ಬೀರದೇವರ ಭಂಡಾರದ ಅರಿಶಿನ ಮುಟ್ಟಿ ಯಲ್ಲವ್ವನಿಗೆ ಮಾತು ಕೊಟ್ಟಿದ್ದಳು. ಗಂಡ ಸಿದ್ರಾಯನ ಮೊದಲ ಹೆಂಡತಿ ಸಾಯುವಾಗ ಬಿಟ್ಟುಹೋದ ಮಗಳು ಶಿವಾನಿ ಮೂರು ವರ್ಷದೊಳಗೆ ತನ್ನನ್ನು ಅವ್ವ ಎನ್ನದಿದ್ದರೆ, ಹತ್ತರಗಿಯ ಅಜ್ಜಿ ಯಲ್ಲವ್ವನ ಮಡಿಲಿಗೆ ಅವಳನ್ನು ತಾನೇ ಒಪ್ಪಿಸುತ್ತೇನೆಂದು.

ಮೂರು ವರ್ಷ ತುಂಬಿತ್ತು. ಶಿವಾನಿ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಹಸಿದರೆ ಒಲೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಶಾಲೆಯಲ್ಲೂ ಮಾತು ಕಡಿಮೆಯಾದಾಗ, ಮಾಸ್ತರು ಒಮ್ಮೆ ಗೋಕಾಕಿನ ಆಸ್ಪತ್ರೆಯಲ್ಲಿ ತೋರಿಸಲು ಹೇಳಿದ್ದರು. ಇಂದು ಅಲ್ಲಿಗೆ ಬಂದಿದ್ದರು; ಅಲ್ಲಿಂದಲೇ ಮೊಮ್ಮಗಳನ್ನು ಕರೆದೊಯ್ಯಲು ಯಲ್ಲವ್ವನೂ ಬಂದಿದ್ದಳು. ಹುಡುಗಿಯ ಬಟ್ಟೆಯ ಚೀಲ ರಾಮವ್ವನ ತೊಡೆಯ ಮೇಲಿತ್ತು.

"ಪರೀಕ್ಷಾ ಅಂತೀರಿ. ನಪಾಸಾದ್ರ ಮತ್ತ ಕೂಡಸ್ತೀರೇನ್ರಿ?" ಎಂದಳು ಯಲ್ಲವ್ವ.

"ಇದರಾಗ ಪಾಸು ನಪಾಸು ಇಲ್ರಿ ಅಜ್ಜಿ. ನೀವು ಸುಮ್ಮ ಕುಂದ್ರೂದ ದೊಡ್ಡ ಪರೀಕ್ಷಾ," ಎಂದು ಮನಶ್ಶಾಸ್ತ್ರಜ್ಞೆ ವಿಜಯಲಕ್ಷ್ಮಿ ನಕ್ಕು, ಮೇಜಿನ ಮೇಲೆ ಕಟ್ಟಿಗೆಯ ಗೊಂಬೆಗಳನ್ನು ಸುರುವಿದಳು. "ಶಿವಾನಿ, ಇದು ನಿಮ್ಮನಿ ಅಂತ ತಿಳಿ. ಯಾರ್ಯಾರು ಎಲ್ಲೆಲ್ಲಿ ಅದಾರ, ಇಡು ನೋಡೂಣು."

ಹುಡುಗಿ ಅಪ್ಪನನ್ನು ಮೇಜಿನ ತುದಿಗೆ ಇಟ್ಟಳು. "ಕುರಿ ಕೂಡ ಹೋಗ್ಯಾನ್ರಿ." ಹತ್ತರಗಿಯ ಅಜ್ಜಿಯನ್ನೂ ತಂದು ನಡುವೆ. ಒಂದು ಗೊಂಬೆಯನ್ನು ಮೆಲ್ಲಗೆ ಮಲಗಿಸಿದಳು. "ಇಕಿ ನಮ್ಮವ್ವ." ಯಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊನೆಯ ಗೊಂಬೆಯನ್ನು ಹಿಡಿದು ಹುಡುಗಿ ಅತ್ತಿತ್ತ ನೋಡಿದಳು. ನೀರಿನ ಸ್ಟೀಲ್ ಗ್ಲಾಸನ್ನು ಎಳೆದು ತಂದು, ಅದರ ಮರೆಗೆ ನಿಲ್ಲಿಸಿದಳು.

"ನೋಡವಾ, ನೀ ಕಣ್ಣಿಗೇ ಬೀಳಬಾರ್ದಂತ," ಎಂದಳು ಯಲ್ಲವ್ವ. ರಾಮವ್ವ ಚೀಲ ಬಿಗಿಯಾಗಿ ಹಿಡಿದಳು.

"ಇಕಿ ಎಲ್ಲಿ ಅದಾಳ?" ವಿಜಯಲಕ್ಷ್ಮಿ ಕೇಳಿದಳು.

"ದೊಡ್ಡಿ ಗ್ವಾಡಿ ಹಿಂದ. ನಾ ಸಾಲಿಯಿಂದ ಬರೂದು ನೋಡ್ತಾಳ. ದಿನಾ."

ರಾಮವ್ವ ತಲೆಯೆತ್ತಿದಳು. ಮೊದಮೊದಲು ಓಣಿಯಲ್ಲೇ ಕಾಯುತ್ತಿದ್ದಳು. ಅವಳನ್ನು ಕಂಡರೆ ಹುಡುಗಿ ಬೇರೆ ಓಣಿಗೆ ತಿರುಗುತ್ತಿದ್ದಳು. ಆಮೇಲೆ ರಾಮವ್ವ ಕುರಿದೊಡ್ಡಿಯ ಗೋಡೆಯ ಮರೆಗೆ ನಿಲ್ಲತೊಡಗಿದ್ದಳು. ಅದು ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದಳು.

"ಮತ್ತ ನೀ ಆಕೀನ ಕರಿಯಂಗಿಲ್ಲೇನ?"

"ನಾ ನೋಡಿದ್ರ ಒಳಗ ಓಡಿ ಹೋಗ್ತಾಳ್ರಿ ಅಕ್ಕಾರ. ಅದಕ್ಕ ನಾ ನೋಡಂಗಿಲ್ಲ. ಸಾವಕಾಶ ನಡ್ಕೊಂತ ಬರ್ತೇನಿ."

ಆ ನಿಧಾನದ ನಡಿಗೆಯನ್ನು ರಾಮವ್ವ ದಿನವೂ ಕಂಡಿದ್ದಳು. ಮನೆಗೆ ಬರಲು ಹುಡುಗಿಗೆ ಮನಸ್ಸಿಲ್ಲ ಎಂದುಕೊಂಡಿದ್ದಳು. ಈಗ ಎಣ್ಣೆ ಹಚ್ಚಿ ಬಾಚಿದ ಆ ಪುಟ್ಟ ತಲೆಯನ್ನು, ಗರ್ಭಗುಡಿಯ ಎದುರು ನಿಂತವಳಂತೆ ನೋಡಿದಳು. ಇಷ್ಟು ಸಣ್ಣ ಜೀವದೊಳಗೆ ಇಷ್ಟೆಲ್ಲ ಎಲ್ಲಿತ್ತು? ಯಲ್ಲವ್ವ ಗ್ಲಾಸಿನ ಮರೆಯ ಗೊಂಬೆಯನ್ನು ಮತ್ತೊಮ್ಮೆ ಬಗ್ಗಿ ನೋಡಿದಳು.

ಬಸ್ ನಿಲ್ದಾಣದಲ್ಲಿ ಹತ್ತರಗಿಯ ಬಸ್ಸು ಮೊದಲು ಬಂತು. ಯಲ್ಲವ್ವ ಚೀಲಕ್ಕೆ ಕೈ ಚಾಚಿದಳು. ರಾಮವ್ವ ಬಿಡಲಿಲ್ಲ.

"ಭಂಡಾರ ಮುಟ್ಟಿ ಹೇಳಿದ್ದಿ. ಇನ್ನೂ ನಿನಗ ಅವ್ವ ಅಂದಿಲ್ಲ ಅದು."

"ಅಂದಿಲ್ಲ, ಖರೆ ಐತಿ. ದೇವ್ರು ನನಗೇನ ಮಾಡ್ತಾನೋ ಮಾಡ್ಲಿ ಯವ್ವಾ."

ಮುದುಕಿ ಮೊಮ್ಮಗಳ ಕೆನ್ನೆ ಸವರಿ, ಒಬ್ಬಳೇ ಹತ್ತಿದಳು.

ತಮ್ಮೂರು ಮಸಗುಪ್ಪಿಯ ಬಸ್ಸಿನಲ್ಲಿ ಶಿವಾನಿ ಕಿಟಕಿಗೆ ಸರಿದು, ಲಂಗವನ್ನು ಒತ್ತಿ ಮಡಚಿ ಪಕ್ಕದಲ್ಲಿ ಜಾಗ ಮಾಡಿದಳು. ರಾಮವ್ವ ಕೂತಳು.

ಭಂಡಾರ ಮುಟ್ಟಿ ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.