ಗದ್ದೆಪ್ಪನ ಕಳ್ಳಿ

ನನ್ನೇಸಾಬ ಕಳ್ಳಿ ಗಿಡದ ಒಡಕು ಕುಂಡವನ್ನು ಎತ್ತಿಕೊಂಡು ಅಂಗಳ ದಾಟುತ್ತಿದ್ದಂತೆ, ಗಂಡನ ಹೆಣದ ಪಕ್ಕ ಕೂತಿದ್ದ ಗಿರಿಯಮ್ಮ ಎದ್ದೇಬಿಟ್ಟಳು.

“ಎಲ್ಲಿಗೆ ಒಯ್ಯಾಕತ್ತೀಯಣ್ಣಾ ಅದನ್ನ?”

“ಕುಣಿ ಮ್ಯಾಲೆ ಹಚ್ತೀನಿ ತಂಗೀ. ನಮ್ಮ ಮಂದಿ ಗೋರಿ ಮ್ಯಾಲೆ ಸಬ್ಜಾ ಗಿಡ ಹಚ್ತೀವಲ್ಲ, ಹಂಗ. ಗದ್ದೆಪ್ಪಗ ಇದರ ಮ್ಯಾಲೆ ಭಾಳ ಜೀವ ಇತ್ತು.”

ಗಂಡನ ಜೊತೆ ಆಡು ಕಾಯ್ದ ಗೆಳೆಯ. ಅವನ ಪ್ರೀತಿಯಲ್ಲಿ ಎರಡು ಮಾತಿಲ್ಲ. ಆದರೆ ನಾಡಿದ್ದು ಬಂಧುಬಳಗವೆಲ್ಲ ಮಣ್ಣು ಮಾಡಿದ ಕುಣಿಗೆ ಹಾಲು-ತುಪ್ಪ ಎರೆಯುತ್ತದೆ. ನೀರು ಹೆಚ್ಚಾದರೇ ಕೊಳೆಯುವ ಗಿಡಕ್ಕೆ ಚೊಂಬುಗಟ್ಟಲೆ ಹಾಲು!

“ಬ್ಯಾಡಣ್ಣಾ. ಅದು ಗುಡ್ಡಕ್ಕ ಹೋಗಬೇಕು. ಅವ್ರು ಮಾತು ಕೊಟ್ಟಾರ.”

*

ಮಸ್ಕಿಯ ಗುಡ್ಡದಲ್ಲಿ, ಬಂಡೆಯ ಸಂದಿಯೊಂದರಲ್ಲಿ ಆ ಮುಳ್ಳಿಲ್ಲದ ಕಳ್ಳಿ ಇತ್ತು. ಮದುವೆಯಾದ ಹೊಸತರಲ್ಲಿ ಗದ್ದೆಪ್ಪ ಅದನ್ನು ಅವಳಿಗೆ ಬಂಗಾರ ತೋರಿಸಿದ ಹಾಗೆ ತೋರಿಸಿದ್ದ. ಆಮೇಲೊಂದು ಮಧ್ಯಾಹ್ನ ಅವನು ನೆರಳಿಗೆ ಅಡ್ಡಾಗಿದ್ದಾಗ ಅವನ ಆಡುಗಳೇ ಅದನ್ನು ಮೇಯ್ದುಬಿಟ್ಟವು. ಮುದಗಲ್ಲಿನವರೆಗೆ ಹುಡುಕಿದರೂ ಇನ್ನೊಂದು ಬುಡ ಸಿಗಲಿಲ್ಲ. ಉಳಿದಿದ್ದ ತುಂಡನ್ನು ಮನೆಗೆ ತಂದು ಕುಂಡದಲ್ಲಿ ಊರಿ, “ದೊಡ್ಡದಾಗಲಿ, ತಿರುಗಿ ಗುಡ್ಡಕ್ಕ ಹಚ್ತೀನಿ” ಎಂದ.

ಅದೋ, ಬೆಳೆಯುವುದನ್ನೇ ಮರೆತ ಗಿಡ. ಮಗಳು ಜ್ಯೋತಿ ಹುಟ್ಟಿದಾಗ ಬೆರಳುದ್ದ. ಅವಳು ಮದುವೆಯಾಗಿ ಲಿಂಗಸುಗೂರಿಗೆ ಹೋಗುವಾಗ ಗೇಣುದ್ದ. ಗಂಡ ಹೆಂಡತಿ ಅದನ್ನು ನೋಡಿ ನಕ್ಕದ್ದೇ ನಕ್ಕದ್ದು. ಈ ಮಳೆಗಾಲದಲ್ಲಿ ಮೊದಲ ಸಲ ಹೂ ಬಿಟ್ಟಿತು. ಮೇಯಲು ಈಗ ಆಡುಗಳಿರಲಿಲ್ಲ, ಮಾರಿಯಾಗಿತ್ತು; ಆದರೆ ಗದ್ದೆಪ್ಪನ ಮೊಣಕಾಲು ಗುಡ್ಡ ಹತ್ತಲು ಒಪ್ಪಲಿಲ್ಲ.

*

ಚಟ್ಟ ಇಳಿಸಿ ಹೆಗಲು ಬದಲಿಸುವ ಜಾಗ ಗುಡ್ಡದ ಬುಡದಲ್ಲೇ ಇತ್ತು. ಹೂಮಾಲೆ ಹಾಕಿ ಚಟ್ಟದ ಮೇಲೆ ಕೂರಿಸಿದ್ದ ಗದ್ದೆಪ್ಪನನ್ನು ಅಲ್ಲಿ ಇಳಿಸುತ್ತಲೇ ಗಿರಿಯಮ್ಮ ಜೊತೆಗೆ ತಂದಿದ್ದ ಕುಂಡವನ್ನು ಕಂಕುಳಲ್ಲಿಟ್ಟುಕೊಂಡು ಗುಡ್ಡ ಏರತೊಡಗಿದಳು.

“ಯವ್ವಾ, ಏನ್ ಮಾಡಾಕತ್ತೀ? ಮಂದಿ ಏನಂದಾರು? ನಾಳೆ ಹಚ್ಚಿದರಾತು!” ಜ್ಯೋತಿ ಕೂಗಿದಳು.

“ನಾಳೆ ಹಚ್ಚಿ ಯಾರಿಗೆ ತೋರಿಸ್ಲಿ? ಮಣ್ಣಾಗೋದ್ರೊಳಗ ನಿಮ್ಮಪ್ಪ ನೋಡಬೇಕು.”

“ಅಪ್ಪನ್ನ ಹಾದ್ಯಾಗ ಕಾಯಿಸ್ತೀಯೇನು?”

“ಕಾಯ್ಲಿ ಬಿಡು! ದಿನಾ ಸಂಜಿಗೆ ರೊಟ್ಟಿ ಇಟ್ಕೊಂಡು ನಾ ಕಾದಿಲ್ಲೇನು?”

ಅಳುತ್ತಿದ್ದವರಿಗೂ ನಗು ತಡೆಯಲಾಗಲಿಲ್ಲ. ಹೊರುವವರು ಬೇವಿನ ನೆರಳಲ್ಲಿ ಕೂತರು.

ಮೇಲೆ ಅದೇ ಹಳೆಯ ಸಂದಿ ಸಿಕ್ಕಿತು. ಗಿರಿಯಮ್ಮ ಕಡ್ಡಿಯಿಂದ ಮಣ್ಣು ಕೆದರಿ, ಬೇರು ಊರಿ, ಸುತ್ತ ಹರಳು ಒತ್ತಿದಳು. ಎಷ್ಟೋ ದಿನದ ಮೇಲೆ ಅವಳ ಜೀವಕ್ಕೆ ನಿರಾಳ ಅನ್ನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ಕೆಳಗೆ ನೋಡಿದಳು.

ಅಲ್ಲಿ ನನ್ನೇಸಾಬ ಹೊರುವವರನ್ನು ಎಬ್ಬಿಸಿದ್ದ. ನಾಲ್ವರೂ ಚಟ್ಟ ಎತ್ತಿ, ಕುಣಿಯ ಕಡೆ ಇದ್ದ ಗದ್ದೆಪ್ಪನ ಮುಖವನ್ನು ಮೆಲ್ಲಗೆ ಗುಡ್ಡದ ಕಡೆ ತಿರುಗಿಸುತ್ತಿದ್ದರು.