ಕಾಶೆವ್ವನ ಮನೆಯ ಆಯೇರಿ

"ಯಾರಂದ್ರು ನಿಮಗ ನಾ ಅನಾಥಿ ಅಂತ? ಯಾವ ಬಾಯಿ ಅಂತು, ಮುಂದ ಬರಲಿ!"

ಕಾಶೆವ್ವ ಹೈಸ್ಕೂಲಿನ ಕಟ್ಟೆಯ ಮೇಲೆ ನಿಂತು ಚೀರುತ್ತಿದ್ದಳು. ಅವಳ ಕೈಯಲ್ಲೊಂದು ತಗಡಿನ ಡಬ್ಬಿ. ಅದರ ಮೇಲೆ 'ಅನಾಥ ಕುರುಡಿಗೆ ಸಹಾಯ ಮಾಡಿರಿ' ಎಂದು ಬರೆದಿತ್ತು. ಅವಳಿಗೆ ಓದು ಬಾರದು. ಆದರೆ ಹಿಂದಿನ ದಿನ ಸಂತೆಯಲ್ಲಿ ಯಾರೋ ಅವಳ ಅಂಗೈಯಲ್ಲಿ ಒಂದು ದುಡ್ಡು ಇಟ್ಟು 'ಪಾಪ' ಅಂದಿದ್ದರು. ಯಾಕೆಂದು ಕೇಳಿದಾಗ ಡಬ್ಬಿಯ ಸುದ್ದಿ ಹೊರಬಿದ್ದಿತ್ತು.

"ಕಾಶೆವ್ವಾಯಿ, ನಿನ್ನ ಕಣ್ಣಿನ ಸಲುವಾಗಿನ ಕೂಡಿಸಾಕತ್ತೇವಿ" ಎಂದ ಭರತೇಶ. ಅವನು ಮೆಟ್ರಿಕ್ ಹುಡುಗ, ಶಾಲೆಯ ಸೇವಾ ಸಂಘದ ಕಾರ್ಯದರ್ಶಿ. ಡಬ್ಬಿಯ ಮೇಲಿನ ಅಕ್ಷರ ಅವನದೇ.

"ನನ್ನ ಕಣ್ಣು ಹೋಗ್ಯಾವೋ ಖೋಡಿ, ಮಾನ ಹೋಗಿಲ್ಲ! ನಾ ದುಡದ ತಿಂದಾಕಿ!"

ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. ದುಡ್ಡು, ಆಣೆ ಕಟ್ಟೆಯ ತುಂಬ ಚೆಲ್ಲಿದವು. ಸೇವಾ ಸಂಘ ಪೂರ್ತಿ ಅಂಬೆಗಾಲಿನಲ್ಲಿ ಆರಿಸತೊಡಗಿತು.

ನಾನು ಆ ಶಾಲೆಯ ಗಂಟೆ ಬಾರಿಸುವ ಸಿಪಾಯಿ. "ಮುದುಕಿ, ಸಾಕು ಮಾಡು! ಹುಡುಗರು ಛಲೋದಕ್ಕ ಮಾಡ್ಯಾರ. ಹತ್ತು ದಿನದಾಗ ಮಿರಜಿಗೆ ಹೋಗದಿದ್ರ ಇದ್ದೊಂದು ಕಣ್ಣೂ ಮುಚ್ಚತೈತಿ" ಎಂದು ಗದರಿದೆ.

"ಮುಚ್ಚಲಿ ಬಿಡು ಕೆಂಚಪ್ಪಾ. ಭಿಕ್ಷಾದ ಕಣ್ಣಿಲೆ ಏನ ನೋಡ್ಲಿ?" ಎಂದವಳೇ ಕೊಡ ಹೊತ್ತು ಬಾವಿಗೆ ನಡೆದಳು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಪೂರಾ ಹೋಗಿತ್ತು. ಮಿರಜದ ಡಾಕ್ಟರು ಇನ್ನೊಂದನ್ನು ಉಳಿಸುತ್ತೇನೆ ಅಂದಿದ್ದರು, ಅಮಾವಾಸ್ಯೆಯೊಳಗೆ ಬಂದರೆ ಮಾತ್ರ. ಗಾಡಿ, ರೈಲು, ಅಲ್ಲಿಯ ಊಟ, ಔಷಧ ಎಲ್ಲ ಸೇರಿ ಐವತ್ತು ರೂಪಾಯಿ ಬೇಕಿತ್ತು. ಶಾಲೆಗೆ ನೀರು ಹೊರುವವಳ ಹತ್ತಿರ ಐವತ್ತು ರೂಪಾಯಿ ಎಲ್ಲಿಂದ ಬರಬೇಕು? ಡಬ್ಬಿಯೊಳಗಿನದನ್ನು ಮುಟ್ಟಲಾರಳು. ಹೆಡ್ ಮಾಸ್ತರರು ಅದನ್ನು ಕೊಟ್ಟವರಿಗೆ ತಿರುಗಿ ಕೊಡಿಸಿದರು.

ಸಂಜೆ ಭರತೇಶ ಮೋರೆ ಸಣ್ಣದು ಮಾಡಿಕೊಂಡು ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಶಂಕ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿದ ಮೇಲೆ ನನ್ನ ಕಡೆ ತಿರುಗಿದಳು.

"ಆಕಿ ಸಿಟ್ಟು ಖರೆ ಐತ್ರಿ. ನಮ್ಮ ಮದವ್ಯಾಗ ಅಡಗಿಗೆ ಎರಡು ದಿನ ನೀರು ಹೊತ್ತಾಳ. ನಮ್ಮ ಮಾವ ಪಗಾರ ಕೊಡಾಕ ಹ್ವಾದ್ರ, 'ಇದು ನನ್ನ ಆಯೇರಿ, ಮದವಿ ಉಡುಗೊರಿ' ಅಂದ್ಲು. ಈ ಹುಕ್ಕೇರ್ಯಾಗ ಆಕಿ ಆಯೇರಿ ಇಲ್ಲದ ಮದವಿ ಯಾವುದೈತಿ? ಅಂಥಾಕಿ ಹೆಸರಿಲೆ ಡಬ್ಬಿ ಅಲ್ಲಾಡಿಸಿದ್ರ?"

"ಹಂಗಾರ ತಿರುಗಿ ಆಯೇರಿ ಯಾಕ ಮಾಡಿಲ್ಲ ನೀನು?" ಎಂದೆ.

"ಯಾವಾಗ ಮಾಡ್ಲಿ? ಆಯೇರಿ ಮುಟ್ಟಸಾಕ ಅವರ ಮನ್ಯಾಗ ಒಂದು ಕಾರ್ಯ ಆಗಬೇಕಲ್ಲ. ಆಕಿಗೆ ಮಕ್ಕಳಿಲ್ಲ ಮರಿ ಇಲ್ಲ. ತೊಟ್ಲ ಇಲ್ಲ, ಮದವಿ ಇಲ್ಲ."

"ಮುದುಕಿಗೆ ಈಗ ಮದವಿ ಮಾಡೋಣೇನು?"

"ನಿಮಗ ಬುದ್ಧಿ ಯಾವಾಗ ಬರತೈತ್ರಿ!"

ಭರತೇಶ ಚಟ್ಟನೆ ಎದ್ದ. "ಕಾಕೂ, ಮನಿ ಕಟ್ಟಿದ್ರ ವಾಸ್ತುಶಾಂತಿ ಮಾಡತಾರಲ್ಲ? ಅದೂ ಕಾರ್ಯನ ಹೌದಲ್ಲ? ಕಾಶೆವ್ವಾಯಿ ಹಿತ್ತಲ ಗ್ವಾಡಿ ಮಳ್ಯಾಗ ಬಿದ್ದೈತಿ!"

ಶಂಕ್ರವ್ವ ಹಿಟ್ಟಿನ ಕೈಯಿಂದಲೇ ಅವನ ಗಲ್ಲ ಸವರಿ ಲಟಿಕೆ ಮುರಿದಳು.

ಮರುದಿನ ಶಾಲೆ ಬಿಟ್ಟ ಮೇಲೆ ಸೇವಾ ಸಂಘ ಸನಿಕೆ, ಬುಟ್ಟಿ ಹಿಡಿದು ಅವಳ ಹಿತ್ತಲಿಗೆ ಹೋಯಿತು. ಮುದುಕಿ ಅಡ್ಡ ನಿಂತಳು. "ಪುಕ್ಕಟೆ ಬ್ಯಾಡ" ಎಂದಳು. ಕೊನೆಗೆ ಗೋಡೆ ಏಳುವ ತನಕ ದಿನಾ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯೆ ಹಾಕುವುದೆಂದು ಕರಾರಾಯಿತು. ಸಾಹುಕಾರರ ಮಗ ಭರತೇಶ ಕೆಸರು ತುಳಿದ. ಗೋಡೆ ಸೊಟ್ಟಗಾಯಿತು. ಕಣ್ಣು ಕಾಣದ ಮುದುಕಿ ಕೈಯಾಡಿಸಿಯೇ ಅದನ್ನು ಕಂಡುಹಿಡಿದು, ಅರ್ಧ ಕೆಡವಿಸಿ ಮತ್ತೆ ಕಟ್ಟಿಸಿದಳು. ಆರು ದಿನ ಹಿಡಿಯಿತು.

ಏಳನೆಯ ದಿನ ವಾಸ್ತು. ಶಂಕ್ರವ್ವ ಓಣಿ ಓಣಿ ತಿರುಗಿ ಊಟಕ್ಕೆ ಹೇಳಿ ಬಂದಿದ್ದಳು. ಜನ ಬಂದರು. ಆ ದಿನ ಮುದುಕಿಯ ಮನೆಗೆ ನೀರು ಹೊತ್ತವರು ಅವರೇ, ತಂದ ಕೊಡ ಇಳಿಸಲು ಅಂಗಳದಲ್ಲಿ ಜಾಗ ಇರಲಿಲ್ಲ. ಊಟವಾದ ಮೇಲೆ ಪದ್ಧತಿಯ ಪ್ರಕಾರ ಆಯೇರಿ ಕೂಗುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಗಂಟಲು ಊರಿಗೇ ಗೊತ್ತಿದ್ದದ್ದು.

"ಭರತೇಶನ ತಾಯಿ ಲಕ್ಷ್ಮೀಬಾಯಾರ ಆಯೇರಿ, ಒಂದು ಸೀರಿ, ಐದು ರೂಪಾಯಿ!"

ಕಾಶೆವ್ವ ಗಾಬರಿಯಾದಳು. "ಏ ಬಾಯಾರ, ಇದೇನ್ರಿ? ಬ್ಯಾಡ!"

"ಬ್ಯಾಡ ಅಂದ್ರ ಹೆಂಗ? ನನ್ನ ಮದವ್ಯಾಗ ಹದಿನೈದು ಕೊಡ ಹೊತ್ತೀಯಲ್ಲ" ಎಂದರು ಲಕ್ಷ್ಮೀಬಾಯಿ.

ಕಾಶೆವ್ವ ಬೆರಳು ಮಡಚಿ ಎಣಿಸಿದಳು. ಆಮೇಲೆ, "ಹದಿನೈದಲ್ರಿ, ಮೂವತ್ತು. ನಿಮ್ಮ ಜೈನ ಮಂದಿ ನೀರು ಎರಡೆರಡು ಸಲ ಸೋಸತಿದ್ರು. ಅರ್ಧಾ ಅರಿವ್ಯಾಗ ಹೋಗತಿತ್ತು!"

ಅಂಗಳವೆಲ್ಲ ನಕ್ಕಿತು. ಲಕ್ಷ್ಮೀಬಾಯಿ ಇನ್ನೂ ಎರಡು ರೂಪಾಯಿ ತೆಗೆದರು. ಅಲ್ಲಿಂದ ಮುದುಕಿಯ ಬೆನ್ನು ನೆಟ್ಟಗಾಯಿತು. ನಾನು ಹೆಸರು ಕೂಗಿದಂತೆ ಅವಳು ಮದುವೆ ನೆನೆಯುತ್ತ ಹೋದಳು. ಯಾರ ಬಾವಿ ದೂರ, ಯಾರ ಬೀಗರು ಜಳಕ ಬಹಳ ಮಾಡಿದರು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಆಮೇಲೆ ಬಾರದವರ ಸುದ್ದಿ ತೆಗೆದಳು.

"ವೀರಪ್ಪ ಎಲ್ಲಿ? ಅವನ ಮಗಳ ಮದವಿ ಚೈತ್ರದಾಗ ಆತು. ಬಾವಿ ತಳಾ ಕಂಡಿತ್ತು. ಹಳ್ಳದಿಂದ ಹೊತ್ತೇನಿ!"

ಸೇವಾ ಸಂಘದ ನಾಲ್ವರು ಓಡಿಹೋಗಿ ವೀರಪ್ಪನನ್ನು ಅಂಗಡಿಯಿಂದ ತಂದರು. "ಮರತಿದ್ದೆ ಆಯಿ, ತಪ್ಪಾತು" ಎಂದು ಅವನು ರುಮಾಲಿನ ತುದಿ ಬಿಚ್ಚಿದ. ಹೊತ್ತು ಇಳಿಯುವಷ್ಟರಲ್ಲಿ ಅರವತ್ತೊಂದು ರೂಪಾಯಿ, ಏಳು ಸೀರೆ, ಒಂದು ಆಡು ಬಂದಿದ್ದವು. ಆಡನ್ನು ಯಾರು ಕೊಟ್ಟರೆಂಬುದು ಇವತ್ತಿಗೂ ಗೊತ್ತಿಲ್ಲ. ನಾನಂತೂ ಕೂಗಿಲ್ಲ.

"ಈಗ ಮಿರಜಿಗೆ ಹೋಗಾಕ ನಿನ್ನ ಮಾನ ಅಡ್ಡ ಬರತೈತೇನು?" ಎಂದು ಕೇಳಿದೆ.

"ನನ್ನ ರೊಕ್ಕಾ, ನಾ ಎಲ್ಲಿಗರೆ ಹೋಗತೇನಿ. ನಿನಗ್ಯಾಕ?"

ಮರುದಿನ ಮುಂಜಾನೆ ರೈಲಿಗೆ ಒಯ್ಯುವ ಗಾಡಿ ಬಾಗಿಲಿಗೆ ಬಂತು. ಜೊತೆಗೆ ಹೋಗಲು ಶಂಕ್ರವ್ವ ಆಗಲೇ ಗಾಡಿ ಹತ್ತಿ ಕೂತಿದ್ದಳು. ಕಾಶೆವ್ವ ಹೊಸ ಸೀರೆಯುಟ್ಟು, ಹೊಸ ಗೋಡೆಯನ್ನು ಒಮ್ಮೆ ಸವರಿ, ಹೊಸ್ತಿಲು ದಾಟಿದಳು. ಆಗ ಒಳಗೆ ಬುತ್ತಿಯ ಗಂಟು ಉಳಿದದ್ದು ನನ್ನ ಕಣ್ಣಿಗೆ ಬಿತ್ತು.

"ಏ ಕಾಶೆವ್ವಾ, ಬುತ್ತಿ ಬಿಟ್ಟಿ! ತಿರುಗಿ ಬಾ!"

ಓಣಿಯ ಹೆಂಗಸರೆಲ್ಲ ನನ್ನ ಮೈಮೇಲೆ ಬಿದ್ದರು. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಯಾರಾದರೂ ಕೂಗುತ್ತಾರೆಯೇ? ಭರತೇಶ ಗಂಟು ಕಸಿದುಕೊಂಡು ಗಾಡಿಯ ಕಡೆ ಓಡಿದ.

ಕಾಶೆವ್ವ ಮಾತ್ರ ಗಂಟಿಗೂ ನಿಲ್ಲಲಿಲ್ಲ, ನನ್ನ ಕೂಗಿಗೂ ತಿರುಗಲಿಲ್ಲ. ಗಾಡಿಯ ಪಟ್ಟಿ ಹಿಡಿದು ಹತ್ತಿ ಕೂತು, "ಹೊಡಿಯೋ ಎತ್ತು" ಎಂದಳು.